ಸೊಸೆಯ ಬೈಕಿನ ಹಿಂದಿನ ಸೀಟಿನಿಂದ

ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ

ಪ್ರೀತಿಯ ಬೀಗಿತಿಯವರಿಗೆ,

ನಮಸ್ಕಾರ. ನಾವಿಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಮಗಳಿಗೆ ಒಂದು ಗೀರೂ ಆಗಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತಿದ್ದೇನೆ, ಯಾಕೆಂದರೆ ಮುಂದೆ ಓದುವಾಗ ನಿಮ್ಮ ಎದೆ ಒಂದು ಸಲ ಧಸಕ್ಕೆನ್ನಬಹುದು. ಹಾಗೆ ಆದರೆ ಈ ಸಾಲಿಗೆ ವಾಪಸ್ ಬಂದು ಹೋಗಿ.

ಫೋನ್ ಇರುವಾಗ ಪತ್ರ ಯಾಕೆ ಎನ್ನುತ್ತೀರಿ. ಫೋನಿನಲ್ಲಿ ನೀವು ಅರ್ಧಕ್ಕೇ ಅಳುತ್ತೀರಿ, ನೀವು ಅತ್ತರೆ ನನಗೂ ಅಳು ಬರುತ್ತದೆ, ಕೊನೆಗೆ ಇಬ್ಬರೂ ಮೂಗೊರೆಸಿಕೊಂಡು ಸೆಕೆಯ ಬಗ್ಗೆ ಮಾತಾಡಿ ಇಟ್ಟುಬಿಡುತ್ತೇವೆ. ಈ ಸಲ ಹೇಳಬೇಕಾದದ್ದು ಪೂರ್ತಿ ಹೇಳಬೇಕು.

ನೀವು ನನಗೊಂದು ಕೆಲಸ ಒಪ್ಪಿಸಿದ್ದಿರಿ. ಹೇಗಾದರೂ ಮಾಡಿ ಮಗಳ ಬೈಕು ಮಾರಿಸಿ, ನನ್ನ ಮಾತು ಕೇಳಲ್ಲ, ಅತ್ತೆ ಮಾತು ಕೇಳ್ತಾಳೆ ಅಂದಿರಿ. ನಿಮ್ಮ ಮನೆ ಮುಂದೆಯೇ ಒಬ್ಬ ಕಾರಿನವನು ನೋಡದೆ ತಿರುಗಿಸಿ, ಬೈಕಿನ ಹುಡುಗ ಹಾರಿ ಬಿದ್ದು ಕಾಲು ಮುರಿದುಕೊಂಡದ್ದನ್ನು ಕಣ್ಣಾರೆ ಕಂಡವರು ನೀವು. ನಿಮ್ಮ ನಿದ್ದೆ ಹಾರಿದ್ದು ಸುಮ್ಮನೆ ಅಲ್ಲ. ನಾನೂ ನಿಮ್ಮ ಪಕ್ಷವೇ ಆಗಿದ್ದೆ. ಲಿಫ್ಟ್ ರಿಪೇರಿಯ ಕೆಲಸ ಕಲಿತಳು, ಸಂತೋಷ. ಊರೆಲ್ಲ ಬಸ್ಸಿನಲ್ಲಿ ತಿರುಗಿ ಮಾಡಿದರೆ ಏನು ಗಂಟು ಹೋಗುತ್ತದೆ ಎಂದು ನಾನೇ ಎಷ್ಟೋ ಸಲ ಗೊಣಗಿದ್ದೇನೆ.

ಆದರೆ ಅವಳು ಓಡಿಸುವುದರಲ್ಲಿ ಒಂದು ತಪ್ಪಾದರೂ ಹಿಡಿಯದೆ ಬುದ್ಧಿ ಹೇಳುವುದು ಹೇಗೆ? ಅದಕ್ಕೇ ಒಂದು ಉಪಾಯ ಹೂಡಿದೆ. ಮನೇಲಿ ಕೂತು ಬೇಜಾರು, ನಾಳೆ ನನ್ನನ್ನೂ ನಿನ್ನ ಕೆಲಸಕ್ಕೆ ಕರ್ಕೊಂಡು ಹೋಗು ಅಂದೆ. ಅವಳು ನಕ್ಕು, ಆಯ್ತು ಅತ್ತೆ, ಆದ್ರೆ ನಾನು ಹೇಳಿದ ಬಟ್ಟೆ ಹಾಕೋಬೇಕು ಅಂದಳು.

ಶಾಲು ಬೇಡ, ಚಕ್ರಕ್ಕೆ ಸಿಗುತ್ತದೆ. ಚಪ್ಪಲಿ ಬೇಡ. ನನ್ನ ಮಗನ ದಪ್ಪ ಪ್ಯಾಂಟು, ಅವಳದೊಂದು ಹೊಳೆಯುವ ಪಟ್ಟಿಯ ಜಾಕೆಟ್ಟು, ಕೈಗವಸು. ಹೆಲ್ಮೆಟ್ಟಿನ ಪಟ್ಟಿಯ ಕೆಳಗೆ ಬೆರಳು ತೂರಿಸಿ ಬಿಗಿ ನೋಡಿದಳು, ನಾನು ಹೊಲಿಗೆಗೆ ಬಂದ ಗಿರಾಕಿಗಳ ಕಾಲರ್ ನೋಡುವ ಹಾಗೆ. ಕನ್ನಡಿಯಲ್ಲಿ ನೋಡಿಕೊಂಡರೆ ತಿಗಣೆ ಔಷಧಿ ಹೊಡೆಯಲು ಹೊರಟವಳ ಹಾಗಿದ್ದೆ. ನನ್ನ ಮಗ ಫೋಟೋ ತೆಗೆದಿದ್ದಾನೆ. ಅದನ್ನು ನಿಮಗೆ ಕಳಿಸಿದರೆ ಮನೆಗೆ ಸೇರಿಸುವುದಿಲ್ಲ ಎಂದಿದ್ದೇನೆ.

ನಿನ್ನೆ ಬೆಳಿಗ್ಗೆ ಹೊರಟೆವು. ಮೊದಲು ನನಗನ್ನಿಸಿದ್ದು, ಇದೇನು ಹೀಗೆ ತೆವಳುತ್ತಾಳೆ ಎಂದು. ಸೈಕಲ್ಲಿನ ಮುದುಕನೊಬ್ಬ ನಮ್ಮನ್ನು ದಾಟಿ ಹೋಗಿ ತಿರುಗಿ ನೋಡಿದ. ನನಗೆ ನಾಚಿಕೆಯಾಯಿತು, ಅವಳಿಗಿಲ್ಲ. ಸಾಲಾಗಿ ಕಾರು ನಿಲ್ಲಿಸಿದ್ದ ರಸ್ತೆ ಅದು. ಅವುಗಳಿಂದ ಒಂದು ಬಾಗಿಲಿನಷ್ಟು ದೂರ ಬಿಟ್ಟೇ ಹೋಗುತ್ತಿದ್ದಳು. ಯಾಕೆ ಎಂದು ನಾನು ಕೇಳುವಷ್ಟರಲ್ಲೇ ಮುಂದಿನ ಕಾರಿನ ಬಾಗಿಲು ಧಡಾರನೆ ತೆರೆದು ಒಂದು ಕಾಲು ಹೊರಗೆ ಬಂತು. ನಾವು ಆ ಕಾಲಿನ ಆಚೆಯಿಂದ ಆರಾಮಾಗಿ ದಾಟಿದೆವು. ಕಾಲಿನ ಒಡೆಯನಿಗೆ ನಾವು ಹೋದದ್ದೂ ಗೊತ್ತಾಗಲಿಲ್ಲ.

ಸಿಗ್ನಲ್ಲಿನಲ್ಲಿ ಎಲ್ಲರೂ ಮುಂದೆ ನೋಡುತ್ತಾ ನಿಂತರೆ ಇವಳು ಕನ್ನಡಿಯಲ್ಲಿ ಹಿಂದೆ ನೋಡುತ್ತಾ ನಿಲ್ಲುತ್ತಾಳೆ. ಮುಂದಿನ ಕಾರಿನ ಬಾಲಕ್ಕೆ ಅಂಟಿಕೊಳ್ಳುವುದಿಲ್ಲ, ಸ್ವಲ್ಪ ಪಕ್ಕಕ್ಕೆ, ನುಸುಳಲು ಜಾಗ ಇಟ್ಟುಕೊಂಡು. ತಟ್ಟನೆ ಹೊರಡಲು ಬೇಕೆಂದು ಗಾಡಿಯನ್ನು ಗೇರಿನಲ್ಲೇ ಇಟ್ಟಿರುತ್ತಾಳೆ. ಹಿಂದಿನಿಂದ ಬಂದ ಕಾರು ಪೂರ್ತಿ ನಿಂತ ಮೇಲೇ ಅವಳ ಭುಜ ಸಡಿಲವಾಗುವುದು. ಹಿಂದೆ ಕೂತು ಅವಳ ಭುಜ ಹಿಡಿದವಳಿಗೆ ಅದು ತಿಳಿಯುತ್ತದೆ.

ಮತ್ತೆ ಹೆಲ್ಮೆಟ್ಟಿನೊಳಗೆ ಏನೋ ಗುನುಗುತ್ತಿದ್ದಳು. ದೇವರ ನಾಮ ಇರಬೇಕು ಎಂದುಕೊಂಡು ಕಿವಿಗೊಟ್ಟರೆ, ಕಾರಿನವರ ಜೊತೆ ಮಾತು! ‘ಬಿಳಿ ಕಾರಣ್ಣ, ಫೋನು ತೊಡೆ ಮೇಲಿದೆ, ಗೊತ್ತಾಯ್ತು, ಹೋಗಪ್ಪಾ ನೀನು ಮುಂದೆ. ಅಕ್ಕಾ, ಇಂಡಿಕೇಟರ್ ಹಾಕಿ ಎಷ್ಟು ದಿನ ಆಯ್ತು, ತಿರುಗ್ತೀಯೋ ಇಲ್ವೋ?’ ನನಗೆ ನಗು ತಡೆಯಲಾಗಲಿಲ್ಲ. ಒಂದು ಕಡೆ ನಿಲ್ಲಿಸಿ ನೀರು ಕುಡಿಯುವಾಗ ಹೇಳಿದಳು, ಹೀಗೆ ಮಾತಾಡ್ತಾ ಇದ್ರೆ ಗಮನ ತಪ್ಪಲ್ಲ ಅತ್ತೆ, ಅವರಿಗೆ ನಾನು ಕಾಣಲ್ಲ, ಹಾಗಾಗಿ ಇಬ್ಬರ ಪಾಲಿನ ನೋಡೋದನ್ನೂ ನಾನೇ ನೋಡಬೇಕು. ಇಂಡಿಕೇಟರನ್ನು ನಂಬುವುದಿಲ್ಲವಂತೆ, ಮುಂದಿನ ಚಕ್ರ ಯಾವ ಕಡೆ ವಾಲುತ್ತದೆ ಅಂತ ನೋಡುತ್ತಾಳಂತೆ. ಕಾರಿನ ಪಕ್ಕದ ಕನ್ನಡಿಯಲ್ಲಿ ಡ್ರೈವರನ ಮುಖ ಕಾಣದಿದ್ದರೆ ಅವನ ಪಾಲಿಗೆ ತಾನಿಲ್ಲ ಎಂದೇ ಲೆಕ್ಕ, ಅಲ್ಲಿ ಒಂದು ಕ್ಷಣವೂ ನಿಲ್ಲಬಾರದು.

ನಾನು ಹೊಲಿಗೆಯವಳು. ಸೂಜಿಯನ್ನೇ ನೋಡುತ್ತಾ ಹೊಲಿದರೆ ಸಾಲು ಡೊಂಕಾಗುತ್ತದೆ, ಬಟ್ಟೆ ಬರುವ ದಾರಿ ನೋಡಬೇಕು ಎಂದು ನನ್ನ ಹತ್ತಿರ ಕಲಿಯಲು ಬಂದ ಹುಡುಗಿಯರಿಗೆಲ್ಲ ಬಾಯಿ ನೋಯುವಷ್ಟು ಹೇಳಿದ್ದೇನೆ. ಅರ್ಧ ಜನಕ್ಕೂ ತಲೆಗೆ ಹತ್ತಲಿಲ್ಲ. ಇಲ್ಲಿ ನೋಡಿದರೆ ಹಾಗೆ ದಾರಿ ನೋಡುವವಳು ಮನೆಯಲ್ಲೇ ಒಬ್ಬಳಿದ್ದಾಳೆ!

ಅಷ್ಟರಲ್ಲಿ ಫೋನ್ ಬಂತು. ಒಂದು ದೊಡ್ಡ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿದೆ, ಒಳಗೆ ತುಂಬು ಗರ್ಭಿಣಿ ಒಬ್ಬಳೇ ಇದ್ದಾಳೆ. ಇವಳು ರಸ್ತೆ ಬದಿಗೆ ಸರಿದು, ನಂಬರು ಕೇಳಿಕೊಂಡು, ನಿಂತುಕೊಂಡೇ ಆ ಹುಡುಗಿಗೆ ಫೋನ್ ಹಚ್ಚಿ ಮಾತಾಡಿದಳು. ಗಾಳಿ ಬರುತ್ತೆ, ಹೆದರಬೇಡಿ, ಕೆಳಗೆ ಕೂತ್ಕೊಳ್ಳಿ, ಬಾಗಿಲು ಎಳೆಯೋಕೆ ಹೋಗಬೇಡಿ, ನಾನು ಬರ್ತಿದೀನಿ ಅಂದಳು. ಇನ್ನು ಬಿಟ್ಟ ಬಾಣದ ಹಾಗೆ ಹೋಗುತ್ತಾಳೆ ಎಂದು ನಾನು ಅವಳ ಭುಜ ಗಟ್ಟಿಯಾಗಿ ಹಿಡಿದೆ. ಎಲ್ಲಿಯ ಬಾಣ? ಮೊದಲಿನಂತೆಯೇ ಹೊರಟಳು. ನನಗೇ ತಾಳ್ಮೆ ಕೆಟ್ಟು, ಬೇಗ ಹೋಗೇ ಎಂದು ಬೆನ್ನಿಗೆ ತಿವಿದೆ. ಆಗ ಹೇಳಿದಳು: ‘ಅವರು ಲಿಫ್ಟಲ್ಲಿ ಭದ್ರವಾಗೇ ಇದಾರೆ ಅತ್ತೆ. ನಾನು ದಾರೀಲಿ ಬಿದ್ರೆ ಅವರನ್ನ ಬಿಡಿಸೋರು ಯಾರು?’

ಬೀಗಿತಿಯವರೇ, ಈಗ ಬರುವುದು ಆ ಧಸಕ್ಕೆನ್ನುವ ಭಾಗ.

ಆಸ್ಪತ್ರೆಯ ಪಕ್ಕದ ವೃತ್ತ. ನಮಗೆ ಹಸಿರು ದೀಪ. ಎದುರಿನಿಂದ ಬಂದ ಬೂದು ಬಣ್ಣದ ಕಾರೊಂದು ಅಡ್ಡರಸ್ತೆಗೆ ತಿರುಗಲು ಕಾಯುತ್ತಾ ನಿಂತಿತ್ತು. ನಿಂತಿದೆಯಲ್ಲ, ನಮ್ಮನ್ನು ನೋಡಿಯೇ ನಿಂತಿದೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ನನ್ನ ಕೈಯಡಿಯಲ್ಲಿ ಅವಳ ಭುಜ ಬಿಗಿಯಾಯಿತು. ವೇಗ ಇಳಿಯಿತು, ಬ್ರೇಕಿನ ಮೇಲೆ ಬೆರಳು ಬಂತು, ದೀಪ ಮಿನುಗಿಸಿದಳು, ಅವನ ಕಣ್ಣಿಗೆ ಬೀಳಲೆಂದು ಬೈಕನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಳು. ‘ಬೂದಿ ಕಾರು, ತಲೆ ಎತ್ತು, ತಲೆ ಎತ್ತು’ ಎಂದು ಗೊಣಗುತ್ತಿದ್ದುದು ನನಗೆ ಕೇಳಿಸಿತು. ಅವನು ತಲೆ ಎತ್ತಿದ. ನೇರ ನಮ್ಮ ಕಡೆಗೇ ನೋಡಿದ. ನೋಡಿಯೂ ಗಾಡಿ ನುಗ್ಗಿಸಿದ!

ನಾನು ಕಣ್ಣು ಮುಚ್ಚಿದೆ. ನನ್ನ ಹೆಲ್ಮೆಟ್ಟು ಅವಳ ಹೆಲ್ಮೆಟ್ಟಿಗೆ ಠಣ್ ಎಂದು ಬಡಿಯಿತು. ಕಣ್ಣು ಬಿಟ್ಟರೆ ಬೈಕು ನೆಟ್ಟಗೆ ನಿಂತಿದೆ, ಮುಂದಿನ ಚಕ್ರಕ್ಕೂ ಕಾರಿನ ಬಾಗಿಲಿಗೂ ನಡುವೆ ಒಂದು ಮೊಳ ಜಾಗ. ಅವಳು ಮೊದಲೇ ನಿಧಾನ ಮಾಡಿರದಿದ್ದರೆ ಈ ಪತ್ರ ನಿಮಗೆ ಬೇರೆ ಯಾರೋ ಬರೆಯಬೇಕಾಗುತ್ತಿತ್ತು. ಮುಚ್ಚಿಡುವುದಿಲ್ಲ.

ನಾನು ಇಳಿದವಳೇ ಅವನ ಏಳು ತಲೆಮಾರನ್ನೂ ಜಾಲಾಡಿದೆ. ಅಷ್ಟು ಬೈಗುಳ ನನಗೆ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಪಾಪ, ಅವನು ಸುಣ್ಣದಂತೆ ಬಿಳುಚಿ, ನಾನು ನೋಡ್ಲೇ ಇಲ್ಲ, ನೋಡ್ಲೇ ಇಲ್ಲ ಎಂದು ಅದನ್ನೇ ಹೇಳುತ್ತಿದ್ದ. ನಿಮ್ಮ ಮಗಳು ನನ್ನನ್ನು ಹಿಂದಕ್ಕೆ ಸರಿಸಿ, ಮೊದಲು ಕಾರನ್ನು ಬದಿಗೆ ಹಾಕಿಸಿದಳು. ಆಮೇಲೆ ಕಿಟಕಿಯ ಹತ್ತಿರ ಬಾಗಿ, ‘ಸರ್, ನೀವು ಕಾರು ಬರ್ತಿದೆಯಾ ಅಂತ ನೋಡಿದ್ರಿ. ಕಾರು ಇರ್ಲಿಲ್ಲ, ತಿರುಗಿಸಿದ್ರಿ. ಇನ್ಮೇಲೆ ಬೈಕನ್ನೂ ಹುಡುಕಿ’ ಅಂದಳು. ಅಷ್ಟೇ. ಅವನು ತಲೆಯಾಡಿಸುತ್ತಲೇ ಇದ್ದ.

ಇದಾದ ಮೇಲೆ ಅವಳು ಫುಟ್‌ಪಾತಿನ ಅಂಚಿನಲ್ಲಿ ಕೂತುಬಿಟ್ಟಳು. ಕೈಗವಸು ತೆಗೆದಳು. ಬೆರಳುಗಳು ಎಲೆಯ ಹಾಗೆ ನಡುಗುತ್ತಿದ್ದವು. ಅಷ್ಟು ಹೊತ್ತು ಕಲ್ಲಿನ ಹಾಗಿದ್ದವಳು! ಪಕ್ಕದಲ್ಲಿ ಕೂತು ಅವಳ ಕೈ ನನ್ನ ಎರಡು ಕೈಯೊಳಗೆ ಇಟ್ಟುಕೊಂಡೆ. ನಿನಗೂ ಭಯವಾಗುತ್ತಾ ಎಂದು ಕೇಳಿದೆ. ದಿನಾ ಆಗುತ್ತೆ ಅಂದಳು. ಆಗಲೇಬೇಕು ಅತ್ತೆ, ಭಯ ಇಲ್ಲದವರ ಹಿಂದೆ ನಾನು ಕೂರಲ್ಲ. ಲಿಫ್ಟಿನ ಹುಡುಗಿಗೆ ಇನ್ನೊಮ್ಮೆ ಫೋನ್ ಮಾಡಿ ಧೈರ್ಯ ಹೇಳಿದಳು. ಕೈ ನಡುಗುವುದು ನಿಂತ ಮೇಲೇ ಬೈಕು ಹತ್ತಿದಳು.

ಕಟ್ಟಡದ ಉಸ್ತುವಾರಿಯವನು ಬಾಗಿಲಲ್ಲೇ ಕಾಯುತ್ತಿದ್ದ. ಬೈಕಲ್ಲಿ ಬರ್ತೀರಿ, ಹಾರ್ಕೊಂಡು ಬರಬಹುದಿತ್ತಲ್ಲ ಎಂದು ಸಿಡುಕಿದ. ಹಾರಿದ್ರೆ ಇಲ್ಲಿಗೆ ಬರ್ತಿರ್ಲಿಲ್ಲ ಸರ್, ಮೇಲಕ್ಕೇ ಹೋಗ್ತಿದ್ದೆ ಎಂದು ಚೀಲ ಹೆಗಲಿಗೇರಿಸಿ ಮೆಟ್ಟಿಲು ಹತ್ತಿದಳು. ಮೇಲಿನ ಯಂತ್ರದ ಕೋಣೆಯಲ್ಲಿ ಏನು ಮಾಡಿದಳೋ, ಲಿಫ್ಟು ಮೆಲ್ಲಗೆ ಇಳಿದು ಮಹಡಿಯ ಸಮಕ್ಕೆ ನಿಂತಿತು. ಕೆಳಗೆ ಬಂದು ಕೀಲಿ ಹಾಕಿ ಬಾಗಿಲು ತೆರೆದಳು. ಆ ಹುಡುಗಿ ಬೆವರಿನಲ್ಲಿ ತೊಯ್ದಿದ್ದಳು, ಒಂದು ಕೈ ಹೊಟ್ಟೆಯ ಮೇಲೆ. ಹೊರಗೆ ಬಂದವಳೇ ನಿಮ್ಮ ಮಗಳ ಜಿಡ್ಡಿನ ಜಾಕೆಟ್ಟಿಗೆ ಮುಖ ಒತ್ತಿ ಅತ್ತಳು. ಇವಳು, ಆಯ್ತು, ಆಯ್ತು, ಇಬ್ಬರೂ ಹೊರಗೆ ಬಂದ್ರಲ್ಲ ಎಂದು ತಲೆ ನೇವರಿಸಿದಳು. ದೂರದಲ್ಲಿ ನಿಂತು ನೋಡುತ್ತಿದ್ದ ನನಗೆ, ಇವಳು ನಮ್ಮ ಮನೆಯವಳು ಎಂದು ಕಟ್ಟಡಕ್ಕೆಲ್ಲ ಕೇಳುವ ಹಾಗೆ ಕೂಗಬೇಕೆನಿಸಿತು. ಕೂಗಲಿಲ್ಲ. ಉಸ್ತುವಾರಿಯವನಿಗೆ ಮಾತ್ರ ಹೇಳಿದೆ.

ಈಗ ನಿಮ್ಮ ಕ್ಷಮೆ ಕೇಳುವ ವಿಷಯ. ಸಂಜೆ ನಾವು ಮನೆಗೆ ಬಂದಾಗ ಬೈಕು ಕೊಳ್ಳಲು ಒಬ್ಬರು ಬಾಗಿಲಲ್ಲಿ ಕಾಯುತ್ತಿದ್ದರು. ಅವಳೇ ಬರಹೇಳಿದ್ದಳಂತೆ. ಅಮ್ಮ ಸರಿಯಾಗಿ ಊಟ ಮಾಡ್ತಿಲ್ಲ ಅತ್ತೆ, ಅವರಿಗೆ ನಿದ್ದೆ ಇಲ್ಲದಿರುವಾಗ ನಾನು ಹೇಗೆ ಓಡಿಸಲಿ ಎಂದು, ಒಂದು ಮಾತೂ ಗೊಣಗದೆ ಕೀಲಿ ಕೈಗೆ ತೆಗೆದುಕೊಂಡಳು. ಬೆಳಿಗ್ಗೆ ನನ್ನನ್ನು ಕೂರಿಸಿಕೊಂಡು ಹೊರಟದ್ದು ಅವಳ ಪಾಲಿಗೆ ಕೊನೆಯ ಸವಾರಿಯಾಗಿತ್ತು. ನಾನೂ ಅದನ್ನೇ ಬಯಸಿ ಹೊರಟವಳು ತಾನೇ? ಆದರೆ ನನ್ನ ಬಾಯಿಂದ ಬಂದದ್ದು ಬೇರೆ. ಬೈಕು ಮಾರಾಟಕ್ಕಿಲ್ಲಪ್ಪಾ, ಸುಮ್ಮನೆ ಬಂದಿರಿ, ಒಂದು ಲೋಟ ನೀರು ಕುಡಿದು ಹೊರಡಿ ಅಂದುಬಿಟ್ಟೆ. ಕೀಲಿ ಈಗ ನನ್ನ ಹೊಲಿಗೆ ಡಬ್ಬಿಯಲ್ಲಿದೆ. ನೀವು ಹೂಂ ಅನ್ನುವವರೆಗೆ ತನಗೆ ಕೊಡಬಾರದು ಎಂದು ನನಗೆ ಹೇಳಿದ್ದಾಳೆ ನಿಮ್ಮ ಮಗಳು. ನಾಳೆಯಿಂದ ಬಸ್ಸಿಗೆ ಹೋಗುತ್ತಾಳಂತೆ.

ಏನೂ ಆಗುವುದಿಲ್ಲ ಎಂದು ನಾನು ಭಾಷೆ ಕೊಡಲಾರೆ. ಎದುರಿನವನ ಕಣ್ಣು ನಮ್ಮ ಕೈಯಲ್ಲಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಆ ವೃತ್ತದಲ್ಲಿ ನನ್ನ ಜೀವ ಅವಳ ಕೈಯಲ್ಲಿತ್ತು, ಅವಳು ಅದನ್ನು ತುಂಬಿದ ಕೊಡದ ಹಾಗೆ ತುಳುಕದಂತೆ ಮನೆಗೆ ತಂದಳು. ಒಂದು ಸಲ ಬನ್ನಿ. ಹಿಂದಿನ ಸೀಟಿನಲ್ಲಿ ಕೂತು ಅವಳ ಭುಜ ಹಿಡಿದು ನೋಡಿ. ಆಮೇಲೂ ಮಾರು ಅಂದರೆ ನಾನೇ ಗಿರಾಕಿ ಹುಡುಕುತ್ತೇನೆ. ಪ್ಯಾಂಟು ನಿಮ್ಮ ಅಳತೆಗೆ ಹೊಲಿದು ಇಟ್ಟಿರುತ್ತೇನೆ.

ನಿಮ್ಮ ಮಾತು ಮೀರಿದರೂ ನಿಮ್ಮವಳೇ ಆದ,
ಬೀಗಿತಿ

ಮರೆತಿದ್ದೆ: ಫುಟ್‌ಪಾತಿನಲ್ಲಿ ಕೂತಾಗ, ಇಷ್ಟೆಲ್ಲ ನಿನಗೆ ಯಾರು ಕಲಿಸಿದರು ಎಂದು ಕೇಳಿದೆ. ಬೈಕು ಕಲಿಸಿದ ಮೇಷ್ಟ್ರ ಹೆಸರು ಹೇಳುತ್ತಾಳೆ ಎಂದುಕೊಂಡಿದ್ದೆ. ‘ಅಮ್ಮ’ ಅಂದಳು. ಚಿಕ್ಕವಳಿದ್ದಾಗ ಶಾಲೆಯ ಮುಂದೆ ಕೈ ಹಿಡಿದು ರಸ್ತೆ ದಾಟಿಸುವಾಗ, ಗಾಡೀನ ನೋಡಬೇಡ ಪುಟ್ಟಿ, ಒಳಗೆ ಕೂತವರನ್ನ ನೋಡು, ಅವರ ಗಮನ ನಿನ್ನ ಮೇಲಿದೆ ಅಂತ ಖಾತ್ರಿ ಆಗೋವರೆಗೂ ಹೆಜ್ಜೆ ಇಡಬೇಡ ಅಂತ ನೀವು ಹೇಳುತ್ತಿದ್ದಿರಂತೆ. ನಿಮಗೆ ನೆನಪಿದೆಯೋ ಇಲ್ಲವೋ.