ನಿಮ್ಮ ಕಿಟಕಿಯ ಕುಂಡ

ಸಸ್ಯೋದ್ಯಾನದ ನಿರ್ದೇಶಕರಿಗೆ,

ನಮಸ್ಕಾರ. ಗಾಂಜಾ ಗಿಡವನ್ನೂ ಅದರಂತೆಯೇ ಎಲೆಯಿರುವ ಪುಂಡಿ ಸೊಪ್ಪಿನ ಗಿಡವನ್ನೂ ಅಕ್ಕಪಕ್ಕ ಇಟ್ಟು, ಪರವಾನಗಿ ಪಡೆದೇ ನಾನು ಜನರಿಗೆ ಪಾಠ ಮಾಡುತ್ತಿದ್ದೆ. ಹೆಸರಿನ ಚೀಟಿಗಳು ಅಂದಗೆಡಿಸುತ್ತವೆಂದು ನೀವೇ ಕಿತ್ತೆಸೆದಿರಿ. ಆಮೇಲೊಂದು ದಿನ, "ಎಲೆ ನೋಡಿದ್ರೆ ಸಾಕು, ನಂಗೆ ಗೊತ್ತಾಗುತ್ತೆ. ನನ್ನ ತೋಟದಲ್ಲಿ ಗಾಂಜಾ ಬೇಡ, ಗಾಂಜಾ ಮೇಡಮ್ಮೂ ಬೇಡ" ಎಂದು ಎಲ್ಲರೆದುರು ಒಂದು ಗಿಡ ಸುಡಿಸಿ, ನನ್ನನ್ನು ಹೊರಹಾಕಿದಿರಿ.

ಸುಟ್ಟದ್ದು ಪುಂಡಿ.

ಪುಂಡಿಯೆಂದುಕೊಂಡು ನೀವು ಉಳಿಸಿಕೊಂಡ ಇನ್ನೊಂದಕ್ಕೆ ನಿಮ್ಮ ಕೋಣೆಯ ಕಿಟಕಿಯಲ್ಲಿ ನೀವೇ ದಿನಾ ನೀರು ಹಾಕುತ್ತಿದ್ದೀರಿ. ಪುಂಡಿಯಾಗಿದ್ದರೆ ದಾಸವಾಳದಂಥ ಹೂ ಬಿಡುತ್ತಿತ್ತು. ಇದು ಅಂಟಂಟು ಗೊಂಚಲು ಬಿಟ್ಟು ಘಾಟು ಹೊಡೆಯುತ್ತಿದೆಯಂತೆ, ಮಾಲಿಯಣ್ಣ ಹೇಳಿದ. ಪರವಾನಗಿ ನನ್ನ ಹೆಸರಿನಲ್ಲಿತ್ತು, ನನ್ನ ಜೊತೆಗೇ ಹೋಯಿತು.

ಈಗ ತಲೆಯೆತ್ತಿ ನೋಡಿ. ಕಿಟಕಿಯಾಚೆ ಅದೇ ಜನ ಪಾಠಕ್ಕೆ ನಿಂತಿದ್ದಾರೆ, ಜೊತೆಗೆ ಅಬಕಾರಿ ಅಧಿಕಾರಿಯೂ ಇದ್ದಾರೆ. ದಯವಿಟ್ಟು ಪರದೆ ಸರಿಸಿ. ಚೀಟಿ ಲಗತ್ತಿಸಿದ್ದೇನೆ, ಕುಂಡಕ್ಕೆ ನೀವೇ ಅಂಟಿಸಿ.

ಇಂತಿ,
ಗಾಂಜಾ ಮೇಡಮ್ಮು