ರಂಪಣಿಯ ಪಾಲುದಾರರಿಗೆ

ಸದಾಶಿವಗಡ

ಅಂತರರಾಷ್ಟ್ರೀಯ ಮೋಟಾರು ಪಂದ್ಯದ ಸಂಘಟಕರಾದ ಮಾನ್ಯ ಸುಜಯ ಅವರಿಗೆ, ನಿವೃತ್ತ ಶಿಕ್ಷಕ ರಾಮನಾಥನ ನಮಸ್ಕಾರಗಳು.

ಪಂದ್ಯದ ವೆಚ್ಚವೆಲ್ಲ ಸರ್ಕಾರದ್ದೆಂದೂ ಊರಿಗೆ ಯಾವ ಹೊರೆಯೂ ಇಲ್ಲವೆಂದೂ ತಾವು ಸಭೆಯಲ್ಲಿ ತಿಳಿಸಿದಿರಿ. ಆದರೆ ನಕ್ಷೆಯಂತೆ ದಡದ ಮೇಲಿನ ಓಟದ ಬೇಲಿಯು ನೀರಿನಂಚಿಗೆ ಬಂದರೆ, ಊರೆಲ್ಲ ಕೂಡಿ ದಡಕ್ಕೆಳೆಯುವ ರಂಪಣಿ ಬಲೆ ಈ ಮೀನಿನ ಸುಗ್ಗಿಯಲ್ಲಿ ಕಡಲಿಗಿಳಿಯದು. ಆ ವೆಚ್ಚವನ್ನು ತಾವು ಗಣಿಸಿಲ್ಲ.

ಮೊನ್ನೆ ಸ್ಥಳ ನೋಡಲು ಬಂದಾಗ, ಬಲೆ ಭಾರವಾದುದನ್ನು ಕಂಡು ತಾವೂ ತಮ್ಮ ವಿದೇಶೀ ಚಾಲಕರೂ ಪಾದರಕ್ಷೆ ಕಳಚಿ ಹಗ್ಗ ಹಿಡಿದಿರಿ. ಮೀನಿನ ಪಾಲು ಹಂಚುತ್ತಿದ್ದ ದಮಯಂತಿ ತಮಗೂ ಬಂಗುಡೆ ನೀಡಿದಾಗ ಸಂಕೋಚದಿಂದ ಬೇಡವೆಂದಿರಿ. "ಹಗ್ಗ ಹಿಡ್ದವ್ರಿಗೆ ಪಾಲು ಕೊಡ್ದೆ ಕಳ್ಸೂಕಾಗ್ತದ್ಯಾ? ಸುಮ್ನೆ ತಕಣಿ!" ಎಂದು ಆಕೆ ಗದರಿದ ಮೇಲೆ ಸ್ವೀಕರಿಸಿದಿರಿ.

ಪಾಲು ಪಡೆದವರು ನಮ್ಮಲ್ಲಿ ಅತಿಥಿಗಳಲ್ಲ, ಬಲೆಯವರು. ಆದುದರಿಂದ ಬಲೆಯವರಲ್ಲೊಬ್ಬರೆಂದೇ ತಮ್ಮನ್ನು ಕೇಳುತ್ತೇನೆ: ಬೇಲಿಯನ್ನು ಗಾಳಿಮರಗಳ ಆಚೆಗೆ ಸರಿಸಿ, ದಡವನ್ನು ತೆರೆದಿಡಿ. ಓಟಕ್ಕೂ ಅಲ್ಲಿ ಎಡೆಯಿದೆ.

ನಕ್ಷೆಯನ್ನು ಮತ್ತೆ ಪರಿಶೀಲಿಸಲು ಶುಕ್ರವಾರ ಬರುವಿರೆಂದು ತಿಳಿದು ಸಂತೋಷವಾಯಿತು. ದಯವಿಟ್ಟು ಬೆಳಗ್ಗೆಯೇ ಬನ್ನಿ, ಚಾಲಕರನ್ನೂ ಕರೆತನ್ನಿ. ಎಡಗಡೆಯ ಹಗ್ಗಕ್ಕೆ ಜನ ಸಾಲದು.

ಇತಿ,
ತಮ್ಮ ಸಹಪಾಲುದಾರ,
ರಾಮನಾಥ