ಜೇಬಿನಲ್ಲಿ ಉಳಿದ ಕೀಲಿ

ಮಹಾಗುರುಗಳೂ ಮಹಾಕೋಪಿಷ್ಠರೂ ಆದ ಅಪ್ಪನಿಗೆ,

ಮಗಳ ಉದ್ದಂಡ ನಮಸ್ಕಾರ. ಲಿಫ್ಟ್ ಮೆಕ್ಯಾನಿಕ್ ಸಂದರ್ಶನ ಮುಗಿಯಿತು. ಎಲ್ಲರಿಗಿಂತ ಕೊನೆಗೆ ನನ್ನನ್ನು ಕರೆದು, ಕೆಟ್ಟುನಿಂತ ಲಿಫ್ಟ್ ತೋರಿಸಿ, "ಅರ್ಧ ಗಂಟೆ. ರಿಪೇರಿ ಮಾಡು" ಎಂದರು. ಮೂರು ತಿಂಗಳು ನೀವು ತಲೆಗೆ ಮೊಟಕಿ ಕಲಿಸಿದಂತೆ ಮೊದಲು ಮೇನ್ ಸ್ವಿಚ್ ಆರಿಸಿ, ಪಕ್ಕದಲ್ಲೇ ತೂಗುಹಾಕಿದ್ದ ಬೀಗವನ್ನು ಅದಕ್ಕೆ ಜಡಿದು, ಕೀಲಿಯನ್ನು ಜೇಬಿಗಿಳಿಸಿದೆ. ಯಾರೋ ನೋಡದೆ ಸ್ವಿಚ್ ಹಾಕಿದ ದಿನ ನೀವು ಕಳೆದುಕೊಂಡ ಎರಡು ಬೆರಳು ಕಣ್ಣೆದುರಿಗೆ ಬಂದವು. ದೋಷ ಸಿಕ್ಕಿತು, ಸರಿಪಡಿಸುವ ಮುಂಚೆಯೇ ಹೊತ್ತು ಮುಗಿಯಿತು.

ಜೋಲುಮೋರೆ ಹಾಕಿಕೊಂಡು ರೂಮಿಗೆ ಬಂದರೆ, ಕೀಲಿ ಜೇಬಿನಲ್ಲೇ ಇದೆ! ಕೆಲಸವೂ ಹೋಯಿತು, ಕಳ್ಳಿಯೆಂಬ ಬಿರುದೂ ಬಂತು ಎಂದುಕೊಳ್ಳುವಾಗಲೇ ಮುಖ್ಯ ಇಂಜಿನಿಯರರ ಫೋನು.

"ಏನಮ್ಮಾ, ನಮ್ಮ ಕೀಲಿ ನಿನ್ನ ಹತ್ರ ಇದೆಯಾ?"

"ಇದೆ ಸರ್. ದಯವಿಟ್ಟು ಬೀಗ ಒಡೀಬೇಡಿ. ಹಾಕಿದವರೇ ತೆಗೀಬೇಕು ಅಂತ ಅಪ್ಪನ ಕಟ್ಟಪ್ಪಣೆ."

ಅವರೆಂದರು, "ಬಂದ ಹನ್ನೊಂದು ಜನರಲ್ಲಿ ಬೀಗ ಮುಟ್ಟಿದವಳು ನೀನೊಬ್ಬಳೇ. ಸೋಮವಾರ ಬಂದು ತೆಗಿ. ಆಮೇಲೆ ದಿನಾ ಬಾ."

ನಿಮ್ಮ ಹಳೆಯ ಬೀಗವನ್ನು ಕೂಡಲೇ ಕಳಿಸಿಕೊಡಿ. ಮೊಟಕುಗಳನ್ನು ಅಲ್ಲೇ ಇಟ್ಟುಕೊಳ್ಳಿ.

ಇಂತಿ,
ಹತ್ತೂ ಬೆರಳು ಕ್ಷೇಮವಾಗಿರುವ
ನಿಮ್ಮ ಮಗಳು